ಎಲೆಕ್ಷನ್ ಮಾಡದೇ ಇರೋದಕ್ಕೆ ದಂಡ ಎಷ್ಟು ಸ್ವಾಮಿ?

ಬೆಂಗಳೂರಲ್ಲಿ ನಮ್ಮ ವಾರ್ಡ್ ಆಫೀಸಿನ ಹೊಸ ಬೋರ್ಡು ನೋಡಿ ಬಂದಾಗಿಂದ ಮೈ ಉರೀತಿದೆ. ಹಳೇ ಬೋರ್ಡಿನ ಮೇಲೇ ಹೊಸ ಪಾಲಿಕೆಯ ಫ್ಲೆಕ್ಸ್ ಹೊಡೆದಿದ್ದಾರೆ, ಅಂಚಲ್ಲಿ ‘ಬೃಹತ್’ನ ‘ಬೃ’ ಇನ್ನೂ ಇಣುಕ್ತಿದೆ. ಒಳಗೆ ಅದೇ ಮೇಜು, ಅದೇ ಕಿರ್‌ಕಿರ್ ಫ್ಯಾನು. ನಮ್ಮ ಬೀದಿ ಚರಂಡಿ ವಿಷಯ ಎತ್ತಿದೆ. “ಕಾರ್ಪೊರೇಟರ್ ಇಲ್ವಲ್ಲ ಮೇಡಂ, ಎಮ್ಮೆಲ್ಲೆ ಆಫೀಸಿಂದ ಒಂದು ಮಾತು ಹೇಳಿಸಿಬಿಡಿ.” ಚರಂಡಿಗೂ ಶಿಫಾರಸು!

ಕಾರ್ಪೊರೇಟರ್ ಯಾಕಿಲ್ಲ? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ, ಅಂದ್ರೆ ಬಿಬಿಎಂಪಿಗೆ, ಕೊನೇ ಸಲ ಓಟು ಹಾಕಿದ್ದು 2015ರ ಆಗಸ್ಟಲ್ಲಿ. 2020ರ ಸೆಪ್ಟೆಂಬರಿಗೆ ಅವಧಿ ಮುಗೀತು. ಸಂವಿಧಾನದ 243ಯು ವಿಧಿ ಹೇಳೋದು ಇಷ್ಟೇ: ಐದು ವರ್ಷ, ಒಂದು ದಿನವೂ ಹೆಚ್ಚಿಲ್ಲ, ಅವಧಿ ಮುಗಿಯೋ ಮುಂಚೆ ಚುನಾವಣೆ ಮುಗಿದಿರಬೇಕು. ಅದೇ ವರ್ಷ ಡಿಸೆಂಬರಲ್ಲಿ ಹೈಕೋರ್ಟು ‘ಚುನಾವಣೆ ನಡೆಸಿ’ ಅಂದಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಓಡಿ ತಡೆ ತಂತು. ಆಮೇಲೆ ಶುರುವಾಯ್ತು ನೋಡಿ ಲೆಕ್ಕದಾಟ. 198 ವಾರ್ಡು 243 ಆಯ್ತು, 243 ಹೋಗಿ 225 ಆಯ್ತು, ಈಗ ಪಾಲಿಕೆಯನ್ನೇ ಐದು ಹೋಳು ಮಾಡಿ ಮತ್ತೆ ಮೊದಲಿಂದ ಎಣಿಕೆ. ನಾನು ಆಸ್ತಿ ತೆರಿಗೆ ತಡಮಾಡಿದರೆ ಬಡ್ಡಿ ಹಾಕ್ತಾರಲ್ಲ, ಇವರು ವರ್ಷಗಟ್ಟಲೆ ತಡಮಾಡಿದ್ದಕ್ಕೆ ಬಡ್ಡಿ ಯಾರು ಕಟ್ತಾರೆ?

“ಬಿಡ್ರೀ, ಕಾರ್ಪೊರೇಟರುಗಳೆಲ್ಲ ತಿನ್ನೋರೇ, ಆಫೀಸರುಗಳೇ ವಾಸಿ” ಅಂತ ಕಾಮೆಂಟ್ ಹಾಕೋಕೆ ಬರ್ತೀರಿ, ಗೊತ್ತು. ತಿನ್ನೋರಿದ್ರು, ಇಲ್ಲ ಅನ್ನಲ್ಲ. ತಿಂದವರನ್ನ ಓಟು ಹಾಕಿ ಮನೆಗೆ ಕಳಿಸಬಹುದಿತ್ತು. ಅವರ ಜಾಗದಲ್ಲಿ ಸರ್ಕಾರ ಕೂರಿಸಿರೋ ಆಡಳಿತಾಧಿಕಾರಿ ಹೆಸರು ಹೇಳಿ ನೋಡೋಣ, ಗೂಗಲ್ ಮಾಡದೆ.

ಪಾರ್ಟಿ ಹಿಡ್ಕೊಂಡು ಬರೋರಿಗೂ ಮೊದಲೇ ಹೇಳ್ತೀನಿ, ಇದರಲ್ಲಿ ಎರಡೂ ಕಡೆಯವರು ಅಣ್ತಮ್ಮಂದಿರು. ಕಾರ್ಪೊರೇಟರ್ ಬೆಳೆದರೆ ನಾಳೆ ಎಮ್ಮೆಲ್ಲೆ ಟಿಕೆಟ್ ಕೇಳ್ತಾನೆ, ಅಷ್ಟೇ ಗುಟ್ಟು.

ಬೆಂಗಳೂರಿನ ಗೋಳಷ್ಟೇ ಅಂದ್ಕೋಬೇಡಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ಕೊನೇ ಚುನಾವಣೆ 2016ರಲ್ಲಿ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮಾಡಿ, ಕರಡು ಮೀಸಲು ಪಟ್ಟಿನೂ ಹೊರಡಿಸಿತ್ತು. ಸರ್ಕಾರ ಏನು ಮಾಡ್ತು? ಕಾಯ್ದೆಗೇ ತಿದ್ದುಪಡಿ ತಂದು, ವಿಂಗಡಣೆ ಅಧಿಕಾರವನ್ನೇ ಆಯೋಗದ ಕೈಯಿಂದ ಕಿತ್ತು ಬೇರೆ ಆಯೋಗಕ್ಕೆ ಕೊಡ್ತು. ಕಾನೂನು ಮುರಿಯೋಕೆ ಕಾನೂನನ್ನೇ ಹಾರೆ ಮಾಡ್ಕೊಂಡ್ರು. ಎಮರ್ಜೆನ್ಸಿ ಬೇಡ, ಪೊಲೀಸ್ ಬೇಡ, ಒಂದು ಗೆಜೆಟ್ ಸಾಕು. ಯಾರೂ ಬೀದಿಗಿಳಿಯಲ್ಲ, ಟೀವಿಲಿ ಡಿಬೇಟೂ ಇಲ್ಲ.

ಇದು 80ರ ದಶಕದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರ ರಾಜ್ಯ ಕಣ್ರೀ. ಸಂವಿಧಾನಕ್ಕೆ 73ನೇ ತಿದ್ದುಪಡಿ ಬರೋಕೂ ಮುಂಚೆ, 1987ರಲ್ಲೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಚುನಾವಣೆ ನಡೆಸಿ, ಹೆಂಗಸರಿಗೆ ಶೇ 25 ಮೀಸಲು ಕೊಟ್ಟ ರಾಜ್ಯ. ನಮ್ಮ ಸೋದರತ್ತೆ ಆ ಮೀಸಲಲ್ಲೇ ಮೆಂಬರ್ ಆಗಿದ್ದು. ಕೊಳವೆ ಬಾವಿ ಕೆಟ್ಟರೆ ಜನ ಬೆಳಿಗ್ಗೆ ಆರಕ್ಕೇ ಮನೆ ಮುಂದೆ ನಿಂತು ಬೈಯೋರು, ಅತ್ತೆ ಕಾಫಿ ಕೊಟ್ಟು ಬೈಸ್ಕೊಳ್ಳೋರು.

ನನಗೆ ಸದ್ಯಕ್ಕೆ ಅಷ್ಟೇ ಬೇಕಾಗಿರೋದು. ಹೋಗಿ ಬೈಯೋಕೆ ಒಬ್ಬ ಮನುಷ್ಯ.