ಸತ್ಯಾಂಶ: ಎಂಜಲು ನುಂಗಿದರೆ ವೈರಸ್ ಸಾಯುತ್ತಾ?

"ಬೆಳಗ್ಗೆ ಬಾಯಿ ತೊಳೆಯದೆ ಎಂಜಲು ನುಂಗಿ, ಅದರ ಕಿಣ್ವಗಳು ಎಲ್ಲ ವೈರಸ್‌ಗಳನ್ನೂ ಕೊಲ್ಲುತ್ತವೆ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಅದರಲ್ಲಿ ಒಂದೆಳೆ ನಿಜ ಇದೆ. ಉಳಿದದ್ದು ಸುಮ್ನೆ ಸೇರಿಸಿದ್ದು.

ಎಂಜಲಲ್ಲಿ ಜಾಸ್ತಿ ಇರುವ ಕಿಣ್ವ ಅಮೈಲೇಸ್. ಅದರ ಕೆಲಸ ಪಿಷ್ಟವನ್ನು ಒಡೆಯುವುದು. ಲೈಸೋಜೈಮ್ ಎಂಬ ಇನ್ನೊಂದಿದೆ. ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಇದರ ಬಗ್ಗೆ ಬರೆದರು. ಇದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುತ್ತದೆ. ಗೋಡೆ ಸಡಿಲವಾದಾಗ ಒಳಗೆ ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆಯುತ್ತದೆ. ಆದರೆ ವೈರಸ್‌ಗೆ ಅಂಥ ಗೋಡೆಯೇ ಇಲ್ವಲ್ಲ, ಕತ್ತರಿಸುವುದೇನನ್ನು?

ಪೆರಾಕ್ಸಿಡೇಸ್ ಎಂಬ ಕಿಣ್ವದಿಂದ ಹುಟ್ಟುವ ವಸ್ತುಗಳು ಕೆಲವು ವೈರಸ್‌ಗಳನ್ನು ಲ್ಯಾಬ್‌ನಲ್ಲಿ ದುರ್ಬಲಗೊಳಿಸಿವೆ, ನಿಜ. ಲ್ಯಾಬ್ ತಟ್ಟೆಯಲ್ಲಿ ಆದದ್ದೆಲ್ಲ ಬಾಯಲ್ಲಿ ಆಗಬೇಕೆಂದಿಲ್ಲ.

ಮೆಸೇಜ್‌ನಲ್ಲಿ ಇಲ್ಲದ ವಿಷಯ ಇನ್ನೊಂದಿದೆ. ಕಿಣ್ವವೇ ವೈರಸ್‌ಗೆ ಬಾಗಿಲು ತೆರೆಯುವುದೂ ಉಂಟು. ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ನಮ್ಮ ಜೀವಕೋಶಗಳ ಮೇಲಿರುತ್ತದೆ. ಜೊಲ್ಲುಗ್ರಂಥಿಗಳಲ್ಲೂ ಇದೆ. ಕೋವಿಡ್ ವೈರಸ್‌ನ ಮುಳ್ಳಿನಂಥ ಪ್ರೋಟೀನನ್ನು ಅದು ಕತ್ತರಿಸುತ್ತದೆ, ಆಗ ವೈರಸ್ ಕೋಶದೊಳಗೆ ಸುಲಭವಾಗಿ ನುಗ್ಗುತ್ತದೆ. ಕೋವಿಡ್ ವೈರಸ್ ಜೊಲ್ಲುಗ್ರಂಥಿಗೂ ತಗಲುತ್ತದೆ ಅಂತ 2021ರಲ್ಲಿ ವಿಜ್ಞಾನಿಗಳು ತೋರಿಸಿದರು.

ಎಂಜಲು ಎಲ್ಲ ವೈರಸ್‌ಗಳನ್ನೂ ಕೊಲ್ಲುವಂತಿದ್ದರೆ ಎಂಜಲಿನಿಂದ ವೈರಸ್ ರೋಗ ಹರಡುತ್ತಿತ್ತಾ? ವೈರಸ್‌ನಿಂದ ಬರುವ ಮಂಗನಬಾವು ಎಂಜಲಿನಿಂದಲೇ ಹರಡುತ್ತದೆ. ಇನ್ನು, ರಾತ್ರಿ ಜೊಲ್ಲು ಕಡಿಮೆ ಸುರಿಯುವುದರಿಂದ ಬೆಳಗಿನ ಬಾಯಲ್ಲಿ ಬ್ಯಾಕ್ಟೀರಿಯಾ ಜಾಸ್ತಿ. ಹಲ್ಲುಜ್ಜಿಕೊಳ್ಳಿ.