ಚೆಂಡು ಕಾಣದ ಸೀಟು

ಜಾವಗಲ್ ಶ್ರೀನಾಥರ ಊರಾದ ಮೈಸೂರಿನಲ್ಲಿ ಕ್ರಿಕೆಟ್ ಅಭಿಮಾನಿಗಳಿಗೆ ಬರವಿಲ್ಲ. ಆದರೆ ಐಪಿಎಲ್ ಪಂದ್ಯಕ್ಕೆಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗೋಣವೆಂದರೆ ನಮ್ಮ ಬಡಾವಣೆಯ ಅರ್ಧದಷ್ಟು ಮಂದಿಗೆ ಅಂದೇ ಸೊಂಟನೋವು ಕಾಣಿಸಿಕೊಳ್ಳುತ್ತದೆ. "ಭಾವ, ಟಿವಿಯಲ್ಲಿ ಮ್ಯಾಚ್ ನೋಡುವುದು ಹೋಳಿಗೆಯ ಫೋಟೊ ನೋಡಿದ ಹಾಗೆ" ಎಂದು ನನ್ನನ್ನು ಎಳೆದುಕೊಂಡು ಹೋದ ಭಾವಮೈದನ ದಯೆಯಿಂದ, ಆ ಸೊಂಟನೋವಿನ ಹಿಂದೆ ಅನುಭವವಿದೆಯೆಂಬುದು ನನಗೂ ತಿಳಿಯಿತು.

ಎಕ್ಸ್‌ಪ್ರೆಸ್‌ವೇ ಮದ್ದೂರನ್ನು ಬಳಸಿಕೊಂಡು ಹೋಗುವುದರಿಂದ ವಡೆ ಮೊದಲೇ ತಪ್ಪಿಹೋಗಿತ್ತು. ಕ್ರೀಡಾಂಗಣದ ಬಾಗಿಲಲ್ಲಿ ನೀರಿನ ಬಾಟಲಿ, ಪವರ್‌ಬ್ಯಾಂಕ್, ಕಡೆಗೆ ಮನೆಯಾಕೆ ಕಟ್ಟಿಕೊಟ್ಟಿದ್ದ ಕೋಡುಬಳೆಯ ಡಬ್ಬಿಯೂ ಹೊರಗುಳಿದವು. ಕೋಡುಬಳೆಯನ್ನು ಎಸೆಯಬಹುದಾದ ಆಯುಧವೆಂದು ತಪಾಸಣೆಯವರು ಭಾವಿಸಿದ್ದರೆ ಅವರನ್ನು ದೂರಲಾರೆ. ಆ ಸಲದ್ದು ಸ್ವಲ್ಪ ಗಟ್ಟಿಯಾಗಿಯೇ ಇತ್ತು.

ನಮ್ಮ ಸೀಟಿನಿಂದ ಒಂದು ಬದಿಯ ಸ್ಟಂಪುಗಳನ್ನು ಕಂಬವೂ ಇನ್ನೊಂದು ಬದಿಯವನ್ನು ಮುಂದಿನ ಸಾಲಿನ ಯುವಕನ ಬಾವುಟವೂ ಮರೆಮಾಡಿದ್ದುದರಿಂದ, ಚೆಂಡು ಎತ್ತ ಹೋಯಿತೆಂಬುದನ್ನು ಜನರ ಕತ್ತು ತಿರುಗಿದ ದಿಕ್ಕಿನಿಂದಲೇ ಊಹಿಸಬೇಕಾಗುತ್ತಿತ್ತು. ವಿಕೆಟ್ ಬಿದ್ದಾಗಲೆಲ್ಲ ದೊಡ್ಡ ಪರದೆಯತ್ತ ನೋಡುತ್ತಿದ್ದೆವು. ಪರದೆಯನ್ನು ನೋಡಲು ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಕೇಳಿದ್ದು ಆ ಗದ್ದಲದಲ್ಲಿ ಭಾವಮೈದನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳುವ ಇಚ್ಛೆ ಅವನಿಗಿರಲಿಲ್ಲ.

ಮೈದಾನಕ್ಕೆ ಹೋಗುವುದೇ ದಡ್ಡತನವೆಂದು ಮಾತ್ರ ನಾನು ಹೇಳಲಾರೆ. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಕರ್ನಾಟಕಕ್ಕೂ ಮುಂಬೈಗೂ ರಣಜಿ ಫೈನಲ್ ನಡೆದಾಗ, ಜಾಗ ಸಿಗದವರು ಮರವನ್ನೂ ಏರಿ ಕುಳಿತಿದ್ದರು. ಗೆಲುವಿಗೆ 338 ರನ್ ಬೇಕಿದ್ದ ಕರ್ನಾಟಕ, ಮನೀಶ್ ಪಾಂಡೆಯವರ 144 ರನ್‌ಗಳ ಬಲದಿಂದ ಹತ್ತಿರಕ್ಕೆ ಬಂದು ಕೇವಲ 6 ರನ್‌ಗಳಿಂದ ಸೋತಿತು. ರಣಜಿಗೆ ಜನ ಬರುವುದಿಲ್ಲವೆಂಬ ಮಾತು ಅಂದು ಸುಳ್ಳಾಯಿತು. ನನಗೆ ತೋರುವ ಕಾರಣ ಸರಳವಾದುದು: ಪಂದ್ಯವೇ ನಮ್ಮ ಊರಿಗೆ ಬಂದಿತ್ತು, ಊಟಕ್ಕೆ ಮನೆಗೆ ಹೋಗಿ ಬರಬಹುದಿತ್ತು, ಪಕ್ಕದಲ್ಲಿ ಕುಳಿತು ಅಂಪೈರನ್ನು ಬೈಯುತ್ತಿದ್ದವರು ಪರಿಚಯದವರೇ ಆಗಿದ್ದರು.

ಚಿನ್ನಸ್ವಾಮಿಯಲ್ಲಿ ಆ ರಾತ್ರಿ, ಟ್ರಾಫಿಕ್ ತಪ್ಪಿಸಿಕೊಳ್ಳಲು ಕೊನೆಯ ಓವರುಗಳಿಗೆ ಮುನ್ನವೇ ಹೊರಡಬೇಕೆಂದು ಭಾವಮೈದ ತೀರ್ಮಾನಿಸಿದ. ಅದೇ ತೀರ್ಮಾನ ಮಾಡಿದ್ದ ಎಲ್ಲರ ವಾಹನಗಳ ನಡುವೆ, ಕ್ರೀಡಾಂಗಣದ ದೀಪಗಳು ಕಾಣುವಷ್ಟು ಸಮೀಪದಲ್ಲೇ ನಮ್ಮ ಕಾರು ಸಿಕ್ಕಿಕೊಂಡಿತು. ಮೊಬೈಲಿನಲ್ಲಿ ಕೊನೆಯ ಓವರ್ ನೋಡತೊಡಗಿದೆವು. ಅಲ್ಲಿ ದೃಶ್ಯ ಕೆಲವು ಕ್ಷಣ ತಡವಾಗಿ ಬರುವುದಷ್ಟೆ. ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಹಿಂದಿನಿಂದ ಕ್ರೀಡಾಂಗಣದ ಗರ್ಜನೆ ಕೇಳಿಸಿತು.

"ನೋಡಿದಿರಾ ಭಾವ," ಎಂದು ಭಾವಮೈದ ತೃಪ್ತಿಯಿಂದ ಹೇಳಿದ, "ಖುದ್ದಾಗಿ ಬಂದವರಿಗೇ ಮೊದಲು ಗೊತ್ತಾಗುವುದು."