ಬಿಲ್ ಬೇಕೇ, ಎಸ್ಟಿಮೇಟ್ ಸಾಕೇ?

ಕಳೆದ ಶನಿವಾರ ದಾವಣಗೆರೆಯ ಒಂದು ಟೈಲ್ಸ್ ಅಂಗಡಿಯಲ್ಲಿ ಕುಳಿತಿದ್ದೆ. ಮನೆ ಕಟ್ಟಿಸುತ್ತಿದ್ದೇನೆ, ಕೆಲಸ ನೆಲ ಹಾಸುವ ಹಂತಕ್ಕೆ ಬಂದಿದೆ. ಬಣ್ಣ ಒಪ್ಪಿಗೆಯಾಯಿತು, ಚದರಡಿ ಲೆಕ್ಕ ಮುಗಿಯಿತು, ಒಟ್ಟು 1,12,000 ರೂಪಾಯಿ ಎಂದಾಯಿತು. ಅಂಗಡಿಯವರು ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿ, ದನಿಯನ್ನು ಒಂದಿಷ್ಟೂ ತಗ್ಗಿಸದೆ ಕೇಳಿದರು: "ಬಿಲ್ ಬೇಕೇ ಸರ್, ಎಸ್ಟಿಮೇಟ್ ಸಾಕೇ?"

ಬಿಲ್ ಬೇಕೆಂದರೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ ಇನ್ನೂ 20,160 ರೂಪಾಯಿ. ಎಸ್ಟಿಮೇಟ್ ಸಾಕೆಂದರೆ ಒಂದು ಬಿಳಿ ಚೀಟಿ, ಅದರ ಮೇಲೆ ಅಂಗಡಿಯ ಹೆಸರೂ ಇರುವುದಿಲ್ಲ. ಕಾಫಿಗೆ ಸಕ್ಕರೆ ಬೇಕೇ ಬೇಡವೇ ಎಂದು ಕೇಳುವಷ್ಟು ಸಹಜವಾಗಿತ್ತು ಆ ಪ್ರಶ್ನೆ. ನಾನು ಜಾಣನಂತೆ, "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎಂದು ಎದ್ದು ಬಂದೆ. ಆ ಪ್ರಶ್ನೆ ಮಾತ್ರ ನಾಲ್ಕು ದಿನದಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದಕ್ಕೇ ಈ ಉದ್ದದ ಬರಹ. ಓದುವ ತಾಳ್ಮೆ ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು.

ನನಗೆ ಮೊದಲು ಹೊಳೆದದ್ದು ನಾವು ಬಳಸುವ ಕ್ರಿಯಾಪದ. 'ಟ್ಯಾಕ್ಸ್ ಉಳಿಸುವುದು' ಎನ್ನುತ್ತೇವೆ. ಸರ್ಕಾರದ ಪಿಪಿಎಫ್ ಉಳಿತಾಯ ಯೋಜನೆಗೆ ದುಡ್ಡು ಹಾಕುವುದೂ ಉಳಿಸುವುದೇ, ಬಿಲ್ ಇಲ್ಲದೆ ಟೈಲ್ಸ್ ತರುವುದೂ ಉಳಿಸುವುದೇ, ಬಾಡಿಗೆ ಕೊಡದೆ ಬಾಡಿಗೆ ರಸೀದಿ ಬರೆಯುವುದೂ ಉಳಿಸುವುದೇ. ಮೊದಲನೆಯದನ್ನು ಸರ್ಕಾರವೇ ಕರೆದು ಕೊಟ್ಟಿದೆ. ಉಳಿದೆರಡು ಸುಳ್ಳಿನ ಮೇಲೆ ನಿಂತವು. ಮೂರಕ್ಕೂ ಒಂದೇ ಮಾತು ಸಾಕಾದದ್ದು ನಮ್ಮ ಅನುಕೂಲಕ್ಕೆ. ನಮ್ಮ ತಂದೆಯ ಕಾಲದಲ್ಲಿ 'ಕಂದಾಯ ಕಟ್ಟುವುದು' ಎಂಬ ಮಾತಿತ್ತು. ಮಾರ್ಚ್ ಬಂತೆಂದರೆ ಅವರು ಶರ್ಟಿಗೆ ಇಸ್ತ್ರಿ ಹಾಕಿಸಿಕೊಂಡು ಕಂದಾಯ ಕಟ್ಟಲು ಹೋಗುತ್ತಿದ್ದರು. ರಸೀದಿಯನ್ನು ಟ್ರಂಕಿನ ತಳದಲ್ಲಿ, ಪಹಣಿಯ ಪಕ್ಕ ಇಡುತ್ತಿದ್ದರು. ಕೊಡಬೇಕಾದ ಮೊತ್ತ ಚಿಲ್ಲರೆ ಕಾಸು, ಆದರೆ ಬಾಕಿದಾರ ಎನಿಸಿಕೊಳ್ಳುವ ಭಯ ದೊಡ್ಡದು.

ಅವರ ಮಗನಾದ ನಾನು ಮಾಡಿದ್ದೇನು ಎಂಬುದನ್ನೂ ಹೇಳಬೇಕು.

ನಾನು ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವನು. ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಇತ್ತು, ಬಾಡಿಗೆ ಕಟ್ಟುವವರಿಗೆ ಅದರ ಮೇಲೆ ತೆರಿಗೆ ರಿಯಾಯಿತಿ. ನನ್ನ ವಾಸ ಅಮ್ಮನ ಹೆಸರಿನ ಮನೆಯಲ್ಲಿ. ಹಿರಿಯ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದರು: ಅಮ್ಮನಿಗೆ ಬಾಡಿಗೆ ಕೊಡುತ್ತೇನೆ ಎಂದು ತೋರಿಸು, ರಸೀದಿಗೆ ಅವರ ಸಹಿ ಹಾಕಿಸು. ವರ್ಷಕ್ಕೆ ಬಾಡಿಗೆ ಒಂದು ಲಕ್ಷ ದಾಟಿದರೆ ಮನೆ ಮಾಲೀಕರ ಪಾನ್ ಸಂಖ್ಯೆ ಕೊಡಬೇಕು, ಹಾಗಾಗಿ ತಿಂಗಳಿಗೆ 8,300 ಎಂದು ಬರೆ. ನಮ್ಮ ಕಚೇರಿಯಲ್ಲಿ ವಿದ್ಯಾನಗರದಲ್ಲಿದ್ದವರ ಬಾಡಿಗೆಯೂ 8,300, ಹಳೆ ಪೇಟೆಯ ಒಂಟಿ ಕೋಣೆಯಲ್ಲಿದ್ದವರ ಬಾಡಿಗೆಯೂ 8,300. ಊರಿನ ಮನೆ ಮಾಲೀಕರೆಲ್ಲ ಸಭೆ ಸೇರಿ ದರ ನಿಗದಿ ಮಾಡಿದ ಹಾಗೆ!

ತಾಯಿಗೆ ನಿಜವಾಗಿ ಬಾಡಿಗೆ ಕೊಟ್ಟು ರಿಯಾಯಿತಿ ಪಡೆಯುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ನಾನು ಕೊಡಲಿಲ್ಲ, ಅಷ್ಟೇ. ಪ್ರತಿ ವರ್ಷ ಜನವರಿಯಲ್ಲಿ ಹನ್ನೆರಡು ರಸೀದಿ ಬರೆದು, ಹನ್ನೆರಡು ರೆವೆನ್ಯೂ ಸ್ಟಾಂಪ್ ಅಂಟಿಸಿ ಅಮ್ಮನ ಮುಂದೆ ಇಡುತ್ತಿದ್ದೆ. ಒಂದು ವರ್ಷ ಅವರು ಕನ್ನಡಕ ಏರಿಸಿಕೊಂಡು ಒಂದು ರಸೀದಿಯನ್ನು ಪೂರ್ತಿ ಓದಿ, "ಎಂಟು ಸಾವಿರದ ಮುನ್ನೂರು ನನಗೆ ಯಾವಾಗ ಕೊಟ್ಟೆಯಪ್ಪಾ?" ಎಂದರು. ಗದರಿಕೆ ಇರಲಿಲ್ಲ, ನಿಜವಾಗಿಯೂ ತಮಗೆ ಮರೆತಿರಬಹುದೆಂಬ ಅನುಮಾನ. "ಅದು ಸುಮ್ಮನೆ ಅಮ್ಮ, ಆಫೀಸಿಗೆ" ಎಂದೆ. ಸಹಿ ಹಾಕಿದರು. ಸರ್ಕಾರದ ಕಣ್ಣಿಗೆ ಮಣ್ಣೆರಚಲು ಸರ್ಕಾರದ್ದೇ ಸ್ಟಾಂಪಿಗೆ ವರ್ಷಕ್ಕೆ ಹನ್ನೆರಡು ರೂಪಾಯಿ ಕೊಡುತ್ತಿದ್ದೆ. ನನಗೆ ಉಳಿಯುತ್ತಿದ್ದದ್ದು ವರ್ಷಕ್ಕೆ ಹತ್ತು ಸಾವಿರದ ಆಸುಪಾಸು. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಭತ್ಯೆಯ ರಿಯಾಯಿತಿ ಇಲ್ಲ, 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೂ ಇಲ್ಲ. ಅದಕ್ಕೆ ಬದಲಾಯಿಸಿಕೊಂಡ ದಿನದಿಂದ ನಾನು ಪ್ರಾಮಾಣಿಕ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಇನ್ನು ಇದೇ ಆಟ ನನಗೆ ತಿರುಗಿಬಿದ್ದ ಕಥೆ. ಸೈಟು ಹುಡುಕುವಾಗ ಬಸ್ಸಿನ ದಾರಿಗೆ ಹತ್ತಿರದಲ್ಲಿ ಮೂವತ್ತು ನಲವತ್ತರ ಒಂದು ಒಳ್ಳೆಯ ಜಾಗ ಸಿಕ್ಕಿತು. ಮಾತು 24 ಲಕ್ಷಕ್ಕೆ ಮುಗಿಯಿತು. ಆಮೇಲೆ ದಲ್ಲಾಳಿ, "14 ವೈಟು, 10 ಬ್ಲ್ಯಾಕು" ಎಂದ. ಅಲ್ಲಿ ಸರ್ಕಾರದ ಮಾರ್ಗಸೂಚಿ ದರದ, ಅಂದರೆ ನೋಂದಣಿಗೆ ನಿಗದಿ ಮಾಡಿದ ಕನಿಷ್ಠ ದರದ ಲೆಕ್ಕಕ್ಕೆ ಬರುತ್ತಿದ್ದದ್ದು 14 ಲಕ್ಷ. ನೋಂದಣಿ ಅಷ್ಟಕ್ಕೇ, ಉಳಿದದ್ದು ಚೀಲದಲ್ಲಿ. ನನಗೂ ಲಾಭ ಎಂದು ಆತ ತಿಳಿಹೇಳಿದ: ಆ ಹತ್ತು ಲಕ್ಷಕ್ಕೆ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿ ಅರವತ್ತು ಸಾವಿರದ ಮೇಲೆ ಉಳಿಯುತ್ತದಂತೆ. ಆದರೆ ಬ್ಯಾಂಕಿನವರು ಸಾಲ ಕೊಡುವುದು ಕಾಗದದ ಮೇಲಿನ ಬೆಲೆಗೆ. ಸಂಬಳ ನೇರ ಖಾತೆಗೆ ಬೀಳುವ ನನ್ನಂಥವನ ಹತ್ತಿರ ಹತ್ತು ಲಕ್ಷ ನಗದು ಎಲ್ಲಿಂದ ಬರಬೇಕು? ಹೇಗೋ ಹೊಂದಿಸಿ ಕೊಟ್ಟರೂ, ಮುಂದೆ ಅದನ್ನು ಮಾರುವ ದಿನ ನಾನು ಕೊಂಡದ್ದು 14 ಲಕ್ಷಕ್ಕೆ ಎಂದೇ ಲೆಕ್ಕ. ಮಾರಿದವರು ಇಂದು ತಪ್ಪಿಸಿಕೊಂಡ ಲಾಭದ ತೆರಿಗೆಯನ್ನು ಅಂದು ನಾನು ಕಟ್ಟಬೇಕು, ಇಲ್ಲವೇ ಮುಂದಿನವನಿಗೂ ಇದೇ ಚೀಲ ತೋರಿಸಬೇಕು. ಸುಳ್ಳು ಹೀಗೆ ಒಬ್ಬರಿಂದ ಒಬ್ಬರಿಗೆ ಖಾತೆ ಬದಲಾಗುತ್ತ ಹೋಗುತ್ತದೆ.

ಆ ಸೈಟು ಕೈತಪ್ಪಿತು. ನಗದು ಇದ್ದವರು ಕೊಂಡರು. ನಾನು ಊರಾಚೆ ಎರಡು ಕಿಲೋಮೀಟರ್ ದೂರ ಹೋದೆ. ಅಂದು ಕಪ್ಪುಹಣದವರನ್ನು ವಾರಗಟ್ಟಲೆ ಬೈದೆ. ಬೀರುವಿನಲ್ಲಿದ್ದ ಬಾಡಿಗೆ ರಸೀದಿ ಪುಸ್ತಕ ಆಗ ನೆನಪಾಗಲಿಲ್ಲ.

2025ರ ಜುಲೈ ತಿಂಗಳು ನಿಮಗೂ ನೆನಪಿರಬಹುದು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರೂ ಇದ್ದರು. ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ರಟ್ಟಿನ ಮೇಲೆ ಬರೆದು ತೂಗುಹಾಕಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳನ್ನು ಕರೆಸಿ ಮಾತನಾಡಿದ ಮೇಲೆ, 25ಕ್ಕೆ ಕರೆ ಕೊಟ್ಟಿದ್ದ ಬಂದ್ ನಿಂತಿತು. ಆಗ ಫೇಸ್‌ಬುಕ್ಕಿನಲ್ಲಿ ಎರಡು ಪಕ್ಷಗಳಾದವು. "ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆ" ಎನ್ನುವವರು ಒಂದು ಕಡೆ, "ನಮ್ಮ ಸಂಬಳದಲ್ಲಿ ಹಿಡಿಯುವುದಿಲ್ಲವೇ, ಇವರಿಗೇನು" ಎನ್ನುವವರು ಇನ್ನೊಂದು ಕಡೆ.

ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ಅಂದರೆ ದಿನಕ್ಕೆ ಸುಮಾರು 11 ಸಾವಿರ. ಅದು ಲಾಭವಲ್ಲ, ಕೈಯಿಂದ ಕೈಗೆ ಹಾದುಹೋಗುವ ದುಡ್ಡು. ಹಾಲು, ಹಸಿ ತರಕಾರಿ ಮಾರುವವನಿಗೆ ಜಿಎಸ್‌ಟಿಯೇ ಇಲ್ಲ, ಆದರೂ ನೋಟಿಸ್ ಬಂದರೆ ಎದೆ ಒಡೆಯುವುದಿಲ್ಲವೇ? ಇನ್ನೊಂದು ಕಡೆ, ಮಿತಿ ದಾಟಿದ ಅಂಗಡಿಯವರಿಗೆ ಒಂದೂವರೆ ಕೋಟಿಯವರೆಗೆ ರಾಜಿ ತೆರಿಗೆ ಪದ್ಧತಿ ಇದೆ, ವಹಿವಾಟಿನ ಒಂದು ಪರ್ಸೆಂಟ್ ಕಟ್ಟಿದರೆ ಆಯಿತು. ಅದು ಗೊತ್ತಿಲ್ಲದವರು ಎಷ್ಟೋ ಮಂದಿ. ಗೊತ್ತಿದ್ದೂ ಸುಮ್ಮನಿದ್ದವರೂ ಇದ್ದರು. ನಮ್ಮ ಬೀದಿಯ ಅಂಗಡಿಯಣ್ಣ ಎರಡನೆಯ ಗುಂಪಿನವನು, ಅವನೇ ಚಹಾ ಕುಡಿಸಿ ಹೇಳಿದ. ಹೀಗೆ ಬಾಯಿಬಿಟ್ಟು ಹೇಳುವವನ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಬಿಲ್ ಬೇಡ ಎನ್ನುವವರ ಹತ್ತಿರ ಯಾವಾಗಲೂ ಸಿದ್ಧವಿರುವ ಮಾತೊಂದಿದೆ: ಕಟ್ಟಿದ ದುಡ್ಡು ಯಾರ ಜೇಬಿಗೆ ಹೋಗುತ್ತದೆ? ರಸ್ತೆ ನೋಡಿ, ಆಸ್ಪತ್ರೆ ನೋಡಿ. ನಾನೂ ಇದನ್ನೇ ಹೇಳುತ್ತಿದ್ದೆ. 'ನಮ್ಮ ತೆರಿಗೆ ನಮ್ಮ ಹಕ್ಕು' ಎಂದು 2024ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪ್ರತಿಭಟನೆ ನಡೆದಾಗ ಆ ಘೋಷಣೆಯನ್ನು ಇದೇ ಗೋಡೆಯ ಮೇಲೆ ಹಾಕಿದ್ದೆ. 15ನೇ ಹಣಕಾಸು ಆಯೋಗ ಬಂದ ಮೇಲೆ ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 4.713ರಿಂದ 3.647 ಪರ್ಸೆಂಟಿಗೆ ಇಳಿದದ್ದರ ಬಗ್ಗೆ ನನ್ನ ಸಿಟ್ಟು ಇಂದಿಗೂ ಇದೆ. ಆದರೆ ಆ ಪೋಸ್ಟ್ ಹಾಕಿದ ವರ್ಷವೂ ಅಮ್ಮ ಹನ್ನೆರಡು ಸಹಿ ಹಾಕಿದ್ದರು.

ಸರ್ಕಾರದ ಮೇಲಿನ ಸಿಟ್ಟಿಗೆ ತೆರಿಗೆ ಕೊಡದವರು ನಮ್ಮ ನೆಲದಲ್ಲಿ ಇದ್ದರು. 1930ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಬ್ರಿಟಿಷರಿಗೆ ಭೂಕಂದಾಯ ಕೊಡುವುದಿಲ್ಲ ಎಂದು ನಿಂತರು. ಜಮೀನು ಮುಟ್ಟುಗೋಲಾಯಿತು, ಹರಾಜಾಯಿತು. 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು, ಹರಾಜಿನಲ್ಲಿ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕುಳಿತರು. ಸ್ವಾತಂತ್ರ್ಯ ಬಂದ ಮೇಲೂ, 1980ರ ಜುಲೈ 21ರಂದು ನರಗುಂದ, ನವಲಗುಂದದ ರೈತರು ಮಲಪ್ರಭೆಯ ನೀರು ಸರಿಯಾಗಿ ಹೊಲಕ್ಕೆ ಬಾರದಿದ್ದರೂ ಹೇರಿದ ಬೆಟರ್‌ಮೆಂಟ್ ಲೆವಿಯ, ಅಂದರೆ ನೀರಾವರಿ ಬಂದ ಜಮೀನಿನ ಮೇಲಿನ ಅಭಿವೃದ್ಧಿ ಕರದ ವಿರುದ್ಧ ಬೀದಿಗಿಳಿದರು, ಗೋಲಿಬಾರಿನಲ್ಲಿ ಜೀವ ತೆತ್ತರು. ಅವರೆಲ್ಲ ಹಾಡುಹಗಲಲ್ಲಿ, ಹೆಸರು ಹೇಳಿ, ಕೊಡುವುದಿಲ್ಲ ಎಂದವರು. ಅದಕ್ಕೆ ತೆರಬೇಕಾದ್ದನ್ನು ತೆತ್ತರು. ನಾನು ಬಾಡಿಗೆ ರಸೀದಿಯ ಮೇಲೆ 'ಈ ಸರ್ಕಾರಕ್ಕೆ ಕೊಡಲಾರೆ' ಎಂದು ಎಂದಾದರೂ ಬರೆದಿದ್ದೆನೇ? ರಸ್ತೆ ಸರಿಯಾದ ವರ್ಷ ರಸೀದಿ ಬರೆಯುವುದನ್ನು ನಿಲ್ಲಿಸುತ್ತಿದ್ದೆನೇ?

ನಿನ್ನೆ ಮತ್ತೆ ಅಂಗಡಿಗೆ ಹೋದೆ. ಹೊರಗೆ ಇಬ್ಬರು ಹಮಾಲರು ಟೈಲ್ಸ್ ಪೆಟ್ಟಿಗೆ ಇಳಿಸುತ್ತಿದ್ದರು. ಅವರಲ್ಲೊಬ್ಬ ಪಕ್ಕದ ಮೊಬೈಲ್ ಅಂಗಡಿಯ ಹುಡುಗನಿಗೆ 299 ರೂಪಾಯಿ ಕೊಟ್ಟು ರೀಚಾರ್ಜ್ ಮಾಡಿಸಿಕೊಂಡ. ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿ. ಅವನನ್ನು ಯಾರೂ ಬಿಲ್ ಬೇಕೇ, ಎಸ್ಟಿಮೇಟ್ ಸಾಕೇ ಎಂದು ಕೇಳಲಿಲ್ಲ. ಅವನ ಹೆಗಲ ಮೇಲಿದ್ದ ಪೆಟ್ಟಿಗೆಗೆ ತೆರಿಗೆ ಕೊಡಬೇಕೇ ಬೇಡವೇ ಎಂದು ನಾಲ್ಕು ದಿನ ಯೋಚಿಸುವ ಸವಲತ್ತು ಇದ್ದದ್ದು ನನಗೆ. ಅಂಗಡಿಗಳ ಬಗ್ಗೆ, ಕಪ್ಪುಹಣದ ಬಗ್ಗೆ, ಹಣಕಾಸು ಆಯೋಗದ ಬಗ್ಗೆ ನಾನು ಕಟ್ಟಿಕೊಂಡಿದ್ದ ವಾದಗಳಲ್ಲಿ ಒಂದೂ ಅಲ್ಲಿ ನಿಲ್ಲಲಿಲ್ಲ.

ಬಿಲ್ ಹಾಕಿ ಎಂದೆ. ಅಂಗಡಿಯವರಿಗೆ ಆಶ್ಚರ್ಯ. "ನಿಮಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ ಸರ್, ಕಟ್ಟಿದ ಜಿಎಸ್‌ಟಿ ವ್ಯಾಪಾರಿಗಳಿಗೆ ಬರುವ ಹಾಗೆ ಲೆಕ್ಕದಲ್ಲಿ ವಾಪಸ್ ಬರುವುದಿಲ್ಲ, ಸ್ವಂತ ಮನೆಗೆ ಬಿಲ್ ಯಾಕೆ?" ಎಂದು ಎರಡು ಸಲ ಕೇಳಿದರು. ಕೊನೆಗೆ ಬಿಲ್ ಪುಸ್ತಕ ಹುಡುಕಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಮನೆಗೆ ಬಂದಾಗ ಹೆಂಡತಿ ಬಿಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಪ್ಪತ್ತು ಸಾವಿರಕ್ಕೆ ಅಡುಗೆಮನೆಯ ಗ್ರಾನೈಟ್ ಬರುತ್ತಿತ್ತು" ಎಂದಳು. ಹೌದು, ಬರುತ್ತಿತ್ತು. ಮುಂದಿನ ವಾರ ಬಾತ್‌ರೂಮಿನ ನಲ್ಲಿ, ಪೈಪು ತರಬೇಕು. ಅದಕ್ಕೆ ತಾನೇ ಹೋಗುತ್ತೇನೆ, ನೀವು ಬರುವುದು ಬೇಡ ಎಂದಿದ್ದಾಳೆ.